ಮೇಳದ ಸಾಲು, ತೂಬಿನ ಲೆಕ್ಕ

ಹೆವಿ ಮೆಟಲ್ ಸಂಗೀತದ ಮಾತೆತ್ತಿದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಕಿವಿ ಮುಚ್ಚಿಕೊಳ್ಳುವವರೇ ಹೆಚ್ಚು. ಗದ್ದಲವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲ. ಹತ್ತು ಡೊಳ್ಳು ಒಟ್ಟಿಗೆ ಮೊಳಗಿದರೆ ತಲೆದೂಗುವ ಜನ ನಾವು. ಈ ಸಂಗೀತದ ಮೇಳಗಳನ್ನು ಅಳೆಯಲು ಬೇರೆ ಮಾನದಂಡವೇ ಬೇಕು. ಯಾರು ಮೊದಲು, ಯಾರು ಕೊನೆಗೆ, ಯಾರಿಗೆ ಎಷ್ಟು ಹೊತ್ತು ಎಂಬ ಕ್ರಮವೇ ಆ ಮಾನದಂಡ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮೈಲಿಗಟ್ಟಲೆ ಹರಡಿದ ನೀರನ್ನು ಎರಡು ಗುಡ್ಡಗಳ ನಡುವಣ ಗಿಡ್ಡ ಏರಿಯೊಂದು ತಡೆದು ನಿಂತಿದೆ. ಸಿದ್ಧನಾಲೆ, ಬಸವನಾಲೆಗಳಲ್ಲಿ ಅಳತೆಯರಿತು ಬಿಟ್ಟ ನೀರು ಗದ್ದೆ ತೋಟಗಳನ್ನು ಬದುಕಿಸುತ್ತದೆ. ಬಯಲಾಟದ ನಡೆಯೂ ಅಂಥದೇ. ಗಣಪತಿಯ ಸ್ತುತಿ, ಸಾರಥಿಯ ಮಾತು, ಚಿಕ್ಕ ವೇಷಗಳು. ಜನ ಹದಗೊಂಡ ಮೇಲಷ್ಟೆ ದೊಡ್ಡ ವೇಷ. ಅಲ್ಲಿ ಕ್ರಮವನ್ನು ನಿಶ್ಚಯಿಸುವುದು ಕಥೆ.

ಬೇಸಗೆಯಲ್ಲಿ ಊರಿಂದೂರಿಗೆ ಸಾಗುವ ಮೆಟಲ್ ಮೇಳಗಳಲ್ಲಿ ಅದನ್ನು ನಿಶ್ಚಯಿಸುವುದು ಪೇಟೆ. ಅಮೆರಿಕದ ಓಜ್‌ಫೆಸ್ಟ್ ಇದಕ್ಕೆ ಒಳ್ಳೆಯ ನಿದರ್ಶನ. ಗಾಯಕ ಓಜಿ ಆಸ್ಬರ್ನ್ ಮತ್ತು ಪತ್ನಿ ಶರಾನ್ 1996ರಲ್ಲಿ ಆರಂಭಿಸಿದ ಈ ಮೇಳದಲ್ಲಿ ಎರಡು ವೇದಿಕೆ. ಹೆಸರಾದವರಿಗೆ ದೊಡ್ಡ ವೇದಿಕೆ, ಸಂಜೆಯ ತಂಪು. ಹೊಸಬರಿಗೆ ಚಿಕ್ಕ ವೇದಿಕೆ, ಹಗಲ ಬಿಸಿಲು. ಆದರೂ ಆ ಬಿಸಿಲು ಬರಿದೆ ಹೋಗಲಿಲ್ಲ. 1999ರಲ್ಲಿ ಎರಡನೆಯ ವೇದಿಕೆಯಲ್ಲಿದ್ದ ಸ್ಲಿಪ್‌ನಾಟ್ ತಂಡ 2001ರಲ್ಲಿ ದೊಡ್ಡ ವೇದಿಕೆಯನ್ನೇರಿತು. ಒಳ್ಳೆಯ ಸಾಲಿನ ಲಕ್ಷಣ ಇದೇ ಅಲ್ಲವೆ? ಅದು ಇಂದಿನ ಕೀರ್ತಿಯನ್ನು ಮಾರುತ್ತಲೇ ನಾಳಿನದನ್ನೂ ಬಿತ್ತುತ್ತದೆ. 2007ರಲ್ಲಿ ಅದೇ ಮೇಳ ಪ್ರವೇಶವನ್ನು ಉಚಿತಗೊಳಿಸಿತು. ತಂಡಗಳಿಗೆ ಸಂಭಾವನೆಯಿಲ್ಲವೆಂಬುದೂ ಅದರೊಡನೆ ಬಂತು. ಕೇಳುಗನ ಲಾಭಕ್ಕೆ ಬೆಲೆ ತೆತ್ತವರು ಕಲಾವಿದರು.

ನಮ್ಮ ಬೆಂಗಳೂರಿನ ಕಥೆ ಏನು? 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ನುಡಿಸಿದಂದಿನಿಂದ ಈ ನಗರಕ್ಕೊಂದು ಹೆಸರು ಬಂತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ ಅವರಿಗೆ ಮುನ್ನ ಇಲ್ಲಿಯದೇ ಇನ್ನರ್ ಸ್ಯಾಂಕ್ಟಮ್ ನುಡಿಸಿತು. 2012ರಲ್ಲಿ ಆರಂಭವಾದ ಬೆಂಗಳೂರು ಓಪನ್ ಏರ್ ಮೇಳದ ಮೊದಲ ವರ್ಷದ ದೊಡ್ಡ ವೇಷ ಜರ್ಮನಿಯ ಕ್ರಿಯೇಟರ್. ಹೊರಗಿನವರು ಕೊನೆಗೆ, ಒಳಗಿನವರು ಮೊದಲು: ಇದು ವಾಡಿಕೆಯೇ ಆಗಿಬಿಟ್ಟಿದೆ. ಇಲ್ಲಿಯವರಲ್ಲಿ ಸತ್ವವಿಲ್ಲವೆಂದಲ್ಲ. 1998ರಲ್ಲಿ ಹುಟ್ಟಿದ ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಮೇಳಕ್ಕೇ ಹೋಗಿ ನುಡಿಸಿ ಬಂತು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಸಾಲಿನಲ್ಲಿ ಕನ್ನಡ ಕೇಳಿಸುವುದು ಅಪರೂಪ. ಬೆಂಗಳೂರಿನ ತಂಡವೊಂದರ ಹೆಸರು ‘ಬೇವರ್ ಸೀ’. ಇಂಗ್ಲಿಷಿನ ವೇಷ ತೊಟ್ಟ ನಮ್ಮ ಬೀದಿಯ ಬೈಗುಳವದು. ಹೆಸರಿನಲ್ಲಿ ನುಸುಳಿದ ನುಡಿ ಹಾಡಿಗೆ ಏಕೆ ಇಳಿಯಬಾರದು? ಡೊಳ್ಳಿನ ಹೊಡೆತವನ್ನು ತಾಳಿಕೊಂಡ ಭಾಷೆಗೆ ಗಿಟಾರಿನ ಅಬ್ಬರ ಭಾರವಾಗಲಾರದು.

ವ್ಯವಸ್ಥಾಪಕರು ಒಮ್ಮೆಯಾದರೂ ಸಾಲನ್ನು ತಿರುಗಿಸಿ ನೋಡಲಿ. ಊರಿನ ತಂಡವೊಂದಕ್ಕೆ ಸಂಜೆಯ ಹೊತ್ತನ್ನೂ ತಕ್ಕ ಸಂಭಾವನೆಯನ್ನೂ ಕೊಡಲಿ. ಕೆರೆ ದೊಡ್ಡದಾದರೆ ಸಾಲದು. ತೂಬು ನಮ್ಮ ಗದ್ದೆಯ ಕಡೆಗೂ ತೆರೆಯಬೇಕು.