ಸರಾಸರಿಯೊಳಗೆ ಕೇರಿ ಎಲ್ಲಿದೆ?

ನಮ್ಮನ್ನು ಅಳೆದಾಗಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲೂಕುಗಳನ್ನೂ ತಕ್ಕಡಿಗೆ ಹಾಕಿತು. 35 ಸೂಚಕಗಳನ್ನು ಕೂಡಿಸಿ ತಾಲೂಕಿಗೊಂದು ಅಂಕ ಕೊಟ್ಟಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗೆ ಬಿದ್ದ 114 ತಾಲೂಕುಗಳು ಹಿಂದುಳಿದವು ಎಂದಿತು. ತೀರಾ ತಳದ 39 'ಅತ್ಯಂತ ಹಿಂದುಳಿದವು'. ಮಧುಗಿರಿ, ಶಿರಾ, ಪಾವಗಡ ಮೂರೂ ಆ 39ರಲ್ಲಿವೆ. ನಮ್ಮ ಕೊಳಾಲ ಹೋಬಳಿ ಇರುವ ಕೊರಟಗೆರೆಗೂ ಹಿಂದುಳಿದವರ ಪಟ್ಟಿಯಲ್ಲೇ ಜಾಗ ಸಿಕ್ಕಿತು. "ಇದನ್ನ ಹೇಳಾಕೆ ಬೆಂಗಳೂರಿಂದ ಬರ್ಬೇಕಿತ್ತಾ?" ಅಂತ ನಮ್ಮ ಕಡೆಯ ಮುದುಕರು ನಗಬಹುದು.

ನಗುವಿಗೆ ಕಾರಣವಿದೆ, ಆದರೂ ಆ ವರದಿಯನ್ನು ಮೂಲೆಗೆಸೆಯಲು ನಾವು ತಯಾರಿಲ್ಲ. ಹಳೇ ಮೈಸೂರು ಅಂದರೆ ನಾಲೆ, ಗದ್ದೆ, ಕಬ್ಬು. ಬರ ಬಡತನವೆಲ್ಲ ಉತ್ತರದವರ ಪಾಲು ಎನ್ನುವ ಮಾತನ್ನು ಅದು ಮುರಿಯಿತು. 114ರಲ್ಲಿ 59 ಉತ್ತರದವಾದರೆ 55 ದಕ್ಷಿಣದವು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಸುರಿಯಿರಿ ಎಂದು ಸರ್ಕಾರಕ್ಕೆ ಬಾಯಿಬಿಟ್ಟು ಹೇಳಿತು. ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತುವವನ ಕೈಗೆ ಅದೊಂದು ಕೋಲು.

ನಮ್ಮ ತಕರಾರು ಬೇರೆ. ಈ ತಕ್ಕಡಿಗೆ ತಾಲೂಕು ಕಾಣುತ್ತದೆ, ಊರು ಕಾಣುವುದಿಲ್ಲ. ಊರೇ ಕಾಣದ ಮೇಲೆ ಕೇರಿ ಎಲ್ಲಿಂದ ಕಂಡೀತು? ಬ್ಯಾಂಕಿನ ಶಾಖೆ ಎಣಿಸುತ್ತಾರೆ. ಅದರ ಬಾಗಿಲಲ್ಲಿ ಜಾಮೀನಿಲ್ಲದೆ ವಾಪಸ್ಸು ಬಂದವನನ್ನು ಎಣಿಸುವುದಿಲ್ಲ. ಟ್ರಾಕ್ಟರ್ ಎಣಿಸುತ್ತಾರೆ. ಟ್ರಾಕ್ಟರ್ ಹೊಲಕ್ಕಿಳಿದ ದಿನ ಕೂಲಿ ತಪ್ಪಿದವನ ಲೆಕ್ಕ ಯಾವ ಕಾಲಮ್ಮಿನಲ್ಲೂ ಇಲ್ಲ. ಕುಡಿಯುವ ನೀರಿಗೆ ತಲೆಗೆ ದಿನಕ್ಕೆ 40 ಲೀಟರು ಎಂಬ ಗೆರೆ. ಪಾವಗಡ, ಮಧುಗಿರಿ, ಶಿರಾ ಸೀಮೆಯ ಬೋರಿನ ನೀರಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದಾಗುತ್ತೆ, ದೊಡ್ಡವರ ಕೀಲು ಬಿಗಿಯುತ್ತೆ. ಲೀಟರು ಭರ್ತಿಯಾದರೆ ಅಂಕವೂ ಭರ್ತಿ. ಇನ್ನು ಆ ನೀರನ್ನು ಯಾರು ಮೊದಲು ಹಿಡಿಯಬೇಕು, ಯಾರು ದೂರ ನಿಂತು ಕಾಯಬೇಕು ಎಂಬುದಕ್ಕೆ ಸೂಚಕವೇ ಹುಟ್ಟಿಲ್ಲ.

ಜಾತಿಯಿಂದ ಅಳೆದರೆ ಏನಾಗುತ್ತೆ ಅಂತ ಒಮ್ಮೆ ಸರ್ಕಾರವೇ ತೋರಿಸಿಬಿಟ್ಟಿದೆ. ಆಯುಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಒಂದು ಅಂಕ ಮಾಡುವ ಪದ್ಧತಿಯನ್ನು ವಿಶ್ವಸಂಸ್ಥೆ 1990ರಲ್ಲಿ ಶುರುಮಾಡಿತು. ಅದನ್ನೇ ಹಿಡಿದು ಬಂದದ್ದು ಕರ್ನಾಟಕದ 2005ರ ಮಾನವ ಅಭಿವೃದ್ಧಿ ವರದಿ. 2001ರ ಲೆಕ್ಕಕ್ಕೆ ರಾಜ್ಯದ ಅಂಕ 0.650. ಎಲ್ಲಕ್ಕಿಂತ ಮೇಲೆ ಬೆಂಗಳೂರು ನಗರ, 0.753. ಎಲ್ಲಕ್ಕಿಂತ ಕೆಳಗೆ ರಾಯಚೂರು, 0.547. ಅದೇ ವರದಿಯಲ್ಲಿ 2004ರ ಸಮೀಕ್ಷೆಯ ಇನ್ನೆರಡು ಅಂಕಗಳಿವೆ: ಪರಿಶಿಷ್ಟ ಜಾತಿಯವರದು 0.575, ಪರಿಶಿಷ್ಟ ಪಂಗಡದವರದು 0.539.

ಪಕ್ಕ ಪಕ್ಕ ಇಟ್ಟು ಓದಿ. ರಾಯಚೂರಿಗಿಂತ ಕೆಳಗೆ ಇನ್ನೂ ಒಂದು ಜಿಲ್ಲೆ ಇದೆ. ಅದಕ್ಕೆ ಗಡಿ ಇಲ್ಲ, ಡಿ.ಸಿ. ಆಫೀಸಿಲ್ಲ. ಹಾಡಿಯಲ್ಲಿ, ಹಟ್ಟಿಯಲ್ಲಿ ಚೂರುಚೂರಾಗಿ ರಾಜ್ಯದ ತುಂಬ ಬಿದ್ದಿದೆ. ಕೇರಿಗಳದೇ ಒಂದು ಜಿಲ್ಲೆ ಮಾಡಿದ್ದರೆ ಅದು ರಾಯಚೂರಿನ ಮಗ್ಗುಲಲ್ಲೇ ಕೂರುತ್ತಿತ್ತು. ಬೆಂಗಳೂರಿನ ಕೊಳೆಗೇರಿಯೂ ಅದರ ಒಂದು ಹೋಬಳಿ. ಬಣ್ಣ ಬಳಿದ ನಕ್ಷೆಯಲ್ಲಿ ಇದು ಕಾಣದು, ಯಾಕೆಂದರೆ ಬಣ್ಣ ಬಳಿಯುವುದು ಭೂಮಿಗೆ. ನಮ್ಮವರಿಗೆ ಆ ಭೂಮಿಯೇ ಇಲ್ಲವಲ್ಲ!

ಪಾವಗಡದ ಸೋಲಾರ್ ಪಾರ್ಕು ನೋಡಿ. 2019ರ ಹೊತ್ತಿಗೆ ಪೂರ್ತಿಯಾಯಿತು; ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬರದ ನೆಲದಲ್ಲಿ ಅದು ಸಣ್ಣ ದುಡ್ಡಲ್ಲ, ಆ ರೈತರ ಮೇಲೆ ನಮಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ, ಬದುವಿನಲ್ಲಿ ಕುರಿ ಮೇಯಿಸಿದವರ ಹೆಸರು ಪಹಣಿಯಲ್ಲಿರಲಿಲ್ಲ. ಪಹಣಿಯಲ್ಲಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಹೋಯಿತು. ಮತ್ತೆ ಅಳೆದರೆ ತಾಲೂಕಿನ ಅಂಕ ಏರಬಹುದು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯ ಸಮಿತಿ ಹೊಸದಾಗಿ ಅಳೆಯಲು ಹೊರಟದ್ದರಿಂದ ಈ ಮಾತು ಎತ್ತುತ್ತಿದ್ದೇವೆ.

ಅಳೆಯುವ ಕೆಲಸ ಬೇರೆಯವರ ಕೈಲೇ ಇರಬೇಕೆಂಬ ಶಾಸನವೇನಿಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1960ರ ದಶಕದ ಕೊನೆಗೆ ವಿಲಿಯಂ ಬಂಗಿ ಎಂಬ ಭೂಗೋಳದ ಮೇಷ್ಟ್ರು, ಗ್ವೆಂಡೊಲಿನ್ ವಾರೆನ್ ಎಂಬ ಕಪ್ಪು ಹುಡುಗಿಯ ಜೊತೆ ಸೇರಿ, ಓಣಿಯ ಜನರನ್ನೇ ನಕ್ಷೆಗೆ ಹಚ್ಚಿದ. ಆಫೀಸಿಗೆ ಓಡುವ ಬಿಳಿಯರ ಕಾರುಗಳು ಕಪ್ಪು ಮಕ್ಕಳ ಮೇಲೆ ಎಲ್ಲೆಲ್ಲಿ ಹರಿದವು ಎಂದು ಅವರು ಗುರುತು ಹಾಕಿದರು. ಆ ಒಂದು ಹಾಳೆಗೆ ಸರಾಸರಿಯ ಅಗತ್ಯವೇ ಬೀಳಲಿಲ್ಲ.

ಕೊಳಾಲದ ಸುತ್ತಿನ ಮೇಷ್ಟ್ರುಗಳೇ, ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಹಾಳೆ ಕೊಡಿ. ಕೇರಿಯಿಂದ ನಲ್ಲಿಗೆ, ರೇಷನ್ ಅಂಗಡಿಗೆ, ಬಸ್ಸು ನಿಲ್ಲುವ ಕಡೆಗೆ, ಹೆಣ ಹೂಳುವ ಜಾಗಕ್ಕೆ ಎಷ್ಟೆಷ್ಟು ಹೆಜ್ಜೆ ಎಂದು ಬರೆಸಿ. ಊರ ಮಧ್ಯದ ಮನೆಯಿಂದ ಎಷ್ಟು ಅಂತಲೂ ಬರೆಸಿ. ಗ್ರಾಮಸಭೆಯ ದಿನ ಎರಡನ್ನೂ ಗೋಡೆಗೆ ಅಂಟಿಸಿ. ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.