ಬಿದ್ದ ಟಕಾರ, ಬಂದ ನಕಾರ

ಕಾಗುಣಿತವನ್ನು ಬೇಕೆಂದೇ ಕೆಡಿಸಿ ಸರಕಿಗೆ ಹೆಸರಿಡುವುದನ್ನು ಜಾಹೀರಾತಿನವರು ಜಾಣತನವೆಂದು ಹೊಗಳುತ್ತಾರೆ, ಮೇಷ್ಟ್ರುಗಳು ಭಾಷೆಗೆ ಬಂದ ಕೇಡೆಂದು ಗೊಣಗುತ್ತಾರೆ. ಇಬ್ಬರೂ ಕಣ್ಣಲ್ಲೇ ಓದುವವರು. ಬಾಯಿಬಿಟ್ಟು ಓದಿದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ ಎಂದು ತಿಳಿಯುತ್ತದೆ. ಹಾಗೆ ಓದಿ ನೋಡುವುದಕ್ಕೆ ಹೊಸೂರಿನ ಅವಲಪಲ್ಲಿಯ ಕಡೆ ಹೋಗಬೇಕು. ಮನೆಮಾತು ಕನ್ನಡವೋ ತೆಲುಗೋ ತಮಿಳೋ ಆಗಿರಲಿ, ಬೋರ್ಡಿನಲ್ಲಿ ತಮಿಳು ಮೊದಲು, ಇಂಗ್ಲಿಷ್ ಆಮೇಲೆ, ಮಿಕ್ಕ ಭಾಷೆ ಕೊನೆಗೆ. ತಮಿಳುನಾಡಿನ ನಿಯಮದ ಪ್ರಕಾರ 5:3:2ರ ಪಾಲು. ಒಂದು ಹೆಸರು ಮೂರು ಲಿಪಿಗಳಲ್ಲಿ ಬಾಳಬೇಕು.

ಟೈಟಾನ್ ಗಡಿಯಾರಗಳ ಕಾರ್ಖಾನೆ ಇರುವುದು ಇದೇ ಹೊಸೂರಿನಲ್ಲಿ. ಆ ಕಂಪನಿ 1998ರಲ್ಲಿ ಹುಡುಗರ ಗಡಿಯಾರಕ್ಕೆ ‘ಫಾಸ್ಟ್ರ್ಯಾಕ್’ ಎಂದು ಹೆಸರಿಟ್ಟಿತು. ಇಂಗ್ಲಿಷಿನಲ್ಲಿ ಎರಡು ‘ಟಿ’ ಇರಬೇಕಾದಲ್ಲಿ ಒಂದೇ. ‘ಫಾಸ್ಟ್ ಟ್ರ್ಯಾಕ್’ ಎಂದು ಬೇಗ ಹೇಳಿ ನೋಡಿ. ನಾಲಗೆ ಮೇಲಕ್ಕೆ ಹೋಗಿ ತಾಗುವುದು ಒಂದೇ ಸಲ; ಎರಡನೆಯ ಟಕಾರಕ್ಕೆ ಅದು ಅಲ್ಲೇ ಚೂರು ತಡೆದು ಜಾರುತ್ತದೆ. ಅಂದರೆ ಬಿಟ್ಟ ಅಕ್ಷರವನ್ನು ಬಾಯಿ ಮೊದಲೇ ಬಿಟ್ಟಿತ್ತು. ಕನ್ನಡಕ್ಕೆ ಇಳಿಸಿದಾಗಲಂತೂ ಮಜಾ: ಒಂದು ಸಕಾರದ ಅಡಿಯಲ್ಲಿ ಟ, ರ, ಯ ಮೂರೂ ಒತ್ತುಗಳು ಜೋತುಬಿದ್ದು, ಎರಡು ಪದಗಳ ನಡುವಿನ ಸಂದು ಪೂರ್ತಿ ಮುಚ್ಚಿಹೋಗುತ್ತದೆ. ವೇಗದ ಹೆಸರಿಗೆ ಇಷ್ಟು ಒತ್ತಿದ ರೂಪ ಇಂಗ್ಲಿಷಿನಲ್ಲಿ ಸಾಧ್ಯವೇ ಇಲ್ಲ. ಒತ್ತಕ್ಷರವಿಲ್ಲದೆ ಪುಳ್ಳಿಯಿಟ್ಟು ಸಾಲಾಗಿ ಬರೆಯುವ ತಮಿಳಿನಲ್ಲೂ ಇಲ್ಲ. ಈ ಹೆಸರನ್ನು ಬರೀ ಯೌವನದ ಚೇಷ್ಟೆ ಎಂದವರು ಅದರ ಕಿವಿಯನ್ನು ಗಮನಿಸಲಿಲ್ಲ.

ಅದೇ ಕಂಪನಿ 2013ರಲ್ಲಿ ತಂದ ಸುಗಂಧದ್ರವ್ಯದ ಹೆಸರು ‘ಸ್ಕಿನ್’, ಕೊನೆಗೆ ಒಂದು ‘ಎನ್’ ಹೆಚ್ಚು. ಈ ನಕಾರ ಬಾಯಿಗೆ ಏನನ್ನೂ ಕೊಡುವುದಿಲ್ಲ, ಕನ್ನಡದಲ್ಲಿ ಬರೆದರೆ ಮಾಯ. ಟ್ರೇಡ್‌ಮಾರ್ಕಿಗೆ ಬೇಕಲ್ಲ ಎನ್ನಬಹುದು, ಅದೂ ನಿಜವೇ. ಆದರೆ ಕಾಗುಣಿತ ಕೆಡಿಸಿದ ಮಾತ್ರಕ್ಕೆ ಕಾನೂನು ಮಣಿಯುವುದಿಲ್ಲ. ‘ಆಲ್ ವೂಲ್’ ಎಂಬುದನ್ನು ತಿರುಚಿ ‘ಆರ್ಲ್‌ವೂಲಾ’ ಎಂದವರಿಗೆ ಇಂಗ್ಲೆಂಡಿನ ನ್ಯಾಯಾಲಯ 1909ರಲ್ಲೇ ಉತ್ತರ ಹೇಳಿತು: ಬಟ್ಟೆ ಉಣ್ಣೆಯದಾದರೆ ಹೆಸರು ಬರೀ ವರ್ಣನೆ, ಅಲ್ಲವಾದರೆ ಮೋಸ. ನಮ್ಮ ಸಂಖ್ಯಾಶಾಸ್ತ್ರದವರು ತುರುಕುವ ಅಕ್ಷರಗಳೂ ಬಾಯಿಗೆ ಏನನ್ನೂ ಕೊಡದ ಆ ನಕಾರದ ಪೈಕಿಯೇ. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷಿನಲ್ಲಿ ಹೆಸರು ಬದಲಿಸಿ 2019ರಲ್ಲಿ ಹಳೆಯದಕ್ಕೇ ಮರಳಿದರು. ಕನ್ನಡದ ಯಡಿಯೂರಪ್ಪನಿಗೆ ಎರಡು ಸಲವೂ ಏನೂ ಆಗಲಿಲ್ಲ.

ಕನ್ನಡದಲ್ಲಿ ಇಂಥ ಆಟಕ್ಕೆ ಜಾಗವಿಲ್ಲ, ನಮ್ಮದು ಬರೆದಂತೆ ಓದುವ ಭಾಷೆ ಎಂದು ಕೆಲವು ವಿಮರ್ಶಕರು ಬೀಗುತ್ತಾರೆ. ಋಷಿಯನ್ನು ರುಷಿ ಎನ್ನುವ, ಜ್ಞಾನವನ್ನು ಗ್ಯಾನ ಎನ್ನುವ ಬಾಯಿಂದಲೇ ಈ ಮಾತು ಬರುತ್ತದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ, ಋ, ಷ ಎಲ್ಲ ಬಿಟ್ಟು ‘ಹೊಸಬರಹ’ದಲ್ಲಿ ಪುಸ್ತಕಗಳನ್ನೇ ಬರೆದರು. ಅವರ ಸುಧಾರಣೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಳೆಯ ಪುಸ್ತಕಗಳ ಜೊತೆಗಿನ ನಂಟು ಅಷ್ಟು ಅಗ್ಗವಲ್ಲ. ಆದರೆ ಬಿಡುವ ಅಕ್ಷರಕ್ಕೆ ಬಾಯಿಯನ್ನೇ ಸಾಕ್ಷಿ ಕರೆದರಲ್ಲ, ಫಾಸ್ಟ್ರ್ಯಾಕ್ ಎಂದವರು ಮಾಡಿದ್ದೂ ಅದನ್ನೇ. ಒಬ್ಬರಿಗೆ ಬೈಗುಳ, ಇನ್ನೊಬ್ಬರಿಗೆ ಶಹಭಾಸ್. ಹೋಟೆಲಿನ ಬೋರ್ಡಿಗೆ ಪೇಂಟರ್ ‘ಸುದ್ದ ಸಸ್ಯಹಾರಿ’ ಎಂದು ಬರೆದರೆ ಫೋಟೋ ಹಿಡಿದು ನಗುತ್ತೇವೆ. ಸರಿಯಾದದ್ದು ಅವನಿಗೆ ಗೊತ್ತಿದ್ದೂ ಹಾಗೆ ಬರೆದಿರಬಹುದು ಎಂಬ ಅನುಮಾನ ಸಹ ನಮಗೆ ಬರುವುದಿಲ್ಲ. ಆ ಅನುಮಾನದ ಲಾಭ ಸುಗಂಧದ ಬಾಟಲಿಯ ಮೇಲಿನ ಬಿಟ್ಟಿ ನಕಾರಕ್ಕೆ ಮಾತ್ರ ಸಿಗುತ್ತದೆ.