ಕೊಠಡಿಯಲ್ಲಿ ಮೂರನೆಯವರು

ಆಪ್ತಸಮಾಲೋಚನೆ ಎಂದರೆ ಮೊದಲಿನಷ್ಟು ಸಂಕೋಚ ಈಗಿಲ್ಲ. ಕಾಲೇಜುಗಳಲ್ಲಿ ಕೌನ್ಸೆಲರ್ ಇದ್ದಾರೆ, ಕೆಲವು ಕಂಪನಿಗಳು ಉದ್ಯೋಗಿಗಳಿಗೆ ಉಚಿತ ಸೆಷನ್ ಕೊಡಿಸುತ್ತವೆ. ‘ಥೆರಪಿಗೆ ಹೋಗ್ತಿದೀನಿ’ ಎಂದು ಬೆಂಗಳೂರಿನ ಹುಡುಗ ಹುಡುಗಿಯರು ಚಹಾ ಕುಡಿಯುತ್ತಾ ಹೇಳಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಚಾಲ್ತಿಗೆ ಬಂದ ಪದ್ಧತಿಯನ್ನು ತೂಗಿ ನೋಡಲೂಬೇಕು. ಎದುರುಬದುರು ಕೂತು ಮಾತಾಡುವ ಈ ಚಿಕಿತ್ಸೆ ಇಬ್ಬರ ನಡುವಿನದು ಎನ್ನುವುದು ಪಠ್ಯಪುಸ್ತಕದ ಮಾತು. ನಮ್ಮಲ್ಲಿ ಆ ಕೊಠಡಿಯೊಳಗೆ ಮೂರನೆಯವರು ಸದಾ ಇರುತ್ತಾರೆ: ಮನೆಯವರು. ಅವರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದ ಚಿಕಿತ್ಸೆ ಅರ್ಧ ಚಿಕಿತ್ಸೆ.

ಮಾತಿನಿಂದ ಗುಣವಾಗುತ್ತದೆಯೇ ಎಂಬ ಅನುಮಾನ ಹಳೆಯದು. ಚಿಕಿತ್ಸೆ ಪಡೆಯದವರೂ ಅಷ್ಟೇ ಪ್ರಮಾಣದಲ್ಲಿ ಚೇತರಿಸಿಕೊಳ್ಳುತ್ತಾರೆ ಎಂದು 1952ರಲ್ಲಿ ಮನಃಶಾಸ್ತ್ರಜ್ಞ ಹಾನ್ಸ್ ಐಸೆಂಕ್ ವಾದಿಸಿದ್ದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದಾಗ ಚಿಕಿತ್ಸೆ ಪಡೆದವರ ಸ್ಥಿತಿಯೇ ಉತ್ತಮವಾಗಿತ್ತು. ನಮಗೆ ಹತ್ತಿರದ ಪುರಾವೆ ಗೋವಾದ್ದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾತಾಡಿಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಖಿನ್ನತೆಯ ವಯಸ್ಕರಿಗೆ 6ರಿಂದ 8 ಭೇಟಿ. ಮೂರು ತಿಂಗಳಿಗೆ ಅವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಬರೀ ಆರೋಗ್ಯ ಕೇಂದ್ರದ ಆರೈಕೆ ಪಡೆದವರಲ್ಲಿ ಶೇ 39. ಹಾಗಾಗಿ ಮಾತು ಕೆಲಸ ಮಾಡುತ್ತದೆ. ಅದಕ್ಕೆ ದೊಡ್ಡ ಡಿಗ್ರಿಗಿಂತ ತರಬೇತಿ, ಮೇಲ್ವಿಚಾರಣೆ, ಶಿಸ್ತು ಮುಖ್ಯ.

ಆ ಶಿಸ್ತನ್ನು ಮನೋವೈದ್ಯ ಏರನ್ ಬೆಕ್ ರೂಪಿಸಿದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಪದ್ಧತಿಯಲ್ಲಿ ನೋಡಬಹುದು. ಪಿಯುಸಿ ಹುಡುಗ ಕೆಮಿಸ್ಟ್ರಿ ಟೆಸ್ಟಿನಲ್ಲಿ ಅಂಕ ಕಳೆದುಕೊಂಡು ಊಟ ಬಿಟ್ಟು ಮಲಗಿದ್ದಾನೆ ಎನ್ನಿ. ಆಪ್ತಸಮಾಲೋಚಕಿ ಉಪದೇಶ ಮಾಡುವುದಿಲ್ಲ. ಒಂದು ಹಾಳೆಗೆ ಗೆರೆ ಎಳೆದು ಕೊಡುತ್ತಾರೆ: ಏನಾಯಿತು? ಆಗ ತಲೆಗೆ ಬಂದ ಯೋಚನೆ ಯಾವುದು? ಅದನ್ನು ನೂರಕ್ಕೆ ಎಷ್ಟು ನಂಬುತ್ತೀಯ? ಅದು ನಿಜ ಎನ್ನಲು ಸಾಕ್ಷಿ ಏನು, ಸುಳ್ಳು ಎನ್ನಲು ಏನು? ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂದು ಬರೆದು ಪಕ್ಕದಲ್ಲಿ 90 ಹಾಕಿದವನು, ಸಾಕ್ಷಿಗಳನ್ನೆಲ್ಲ ಬರೆದ ಮೇಲೆ ಅದನ್ನು 50ಕ್ಕೆ ಇಳಿಸಿದರೆ ಆ ವಾರದ ಕೆಲಸ ಆಯಿತು. ಹಿರಿಯರ ಬುದ್ಧಿಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ತೀರ್ಪು ಹುಡುಗನದು.

ಆದರೆ ಆ ಹಾಳೆ ಹುಡುಗನ ಬ್ಯಾಗಿನಲ್ಲಿರುತ್ತದೆ. ಬ್ಯಾಗು ತೆಗೆದು ನೋಡುವುದು ತಮ್ಮ ಹಕ್ಕು ಎಂದು ನಂಬಿದ ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ. ಫೀಸು ಕೊಡುವವರೂ, ಬೈಕಿನಲ್ಲಿ ಕರೆತರುವವರೂ ಅವರೇ. ಸೆಷನ್ ಮುಗಿಯುತ್ತಲೇ ಶುರು: ‘ಏನಂದ ಮೇಡಂ? ನಮ್ ಬಗ್ಗೆ ಏನಾದ್ರೂ ಹೇಳಿದ್ನಾ? ಸ್ವಲ್ಪ ನೀವೇ ಬುದ್ಧಿ ಹೇಳಿ, ನಿಮ್ ಮಾತಾದ್ರೂ ಕೇಳ್ತಾನೇನೋ.’ ಇಲ್ಲಿ ಮೆತ್ತಗಾಗಿ ಎರಡು ಮಾತು ಬಿಟ್ಟುಕೊಡುವ ಸಮಾಲೋಚಕರಿಗೆ ಕೊರತೆಯಿಲ್ಲ. ಹುಡುಗ ಮುಂದಿನ ವಾರ ಬರುತ್ತಾನೆ, ಬಾಯಿ ಬಿಡುವುದಿಲ್ಲ. ವಯಸ್ಕರು ತಾವಾಗಿ ಬರುತ್ತಾರೆ; ಹದಿಹರೆಯದವರನ್ನು ಕರೆತರಲಾಗುತ್ತದೆ. ಈ ವ್ಯತ್ಯಾಸ ಮರೆತಲ್ಲಿ ಚಿಕಿತ್ಸೆ ಟ್ಯೂಷನ್ನಿನಂತಾಗುತ್ತದೆ.

ಕಾನೂನೂ ಇಲ್ಲಿ ಸರಳವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ; ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರನ್ನೇ ಪ್ರತಿನಿಧಿಯನ್ನಾಗಿಸುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ವರದಿ ಮಾಡಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಹಾಗಾಗಿ ‘ಎಲ್ಲವೂ ಗುಟ್ಟಾಗಿರುತ್ತದೆ’ ಎಂಬ ಭರವಸೆ ಸುಳ್ಳು. ಯಾವುದು ಹೊರಗೆ ಹೋಗುವುದಿಲ್ಲ, ಯಾವುದು ಹೋಗಲೇಬೇಕು ಎಂದು ಮೊದಲ ದಿನವೇ ಮಗುವನ್ನೂ ಪೋಷಕರನ್ನೂ ಒಟ್ಟಿಗೆ ಕೂರಿಸಿ ಹೇಳುವವರೇ ನಿಜವಾದ ವೃತ್ತಿಪರರು.

ವಯಸ್ಕರ ಕಥೆಯಲ್ಲಿ ಮನೆಯವರು ಕಾಣಿಸಿಕೊಳ್ಳುವುದು ಕೊನೆಗೆ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಬರುತ್ತಾಳೆ, ಮನೆಯೂ ನೆರೆಹೊರೆಯೂ ಅವಳನ್ನು ರೋಗಿಯೆಂದೇ ಕಂಡು ಮತ್ತೆ ಅಲ್ಲಿಗೇ ತಳ್ಳುತ್ತವೆ. ಒಬ್ಬರನ್ನೇ ಕೂರಿಸಿ ಮಾಡುವ ಚಿಕಿತ್ಸೆಯ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಇನ್ನೊಂದು ಕನ್ನಡ ಕೃತಿಯನ್ನು ನಾನು ಓದಿಲ್ಲ. ಸ್ವಂತ ಆದಾಯವಿಲ್ಲದೆ ಅತ್ತೆಮನೆಯಲ್ಲಿರುವ ಹೆಣ್ಣಿಗೆ ‘ನಿಮ್ಮ ಗಡಿ ನೀವು ಹಾಕಿಕೊಳ್ಳಿ’ ಎಂದು ಕಳಿಸಿದರೆ ಆ ಗಡಿಯ ಬೆಲೆ ತೆರುವವಳು ಅವಳೊಬ್ಬಳೇ. ಮನೆಯವರನ್ನೂ ಸೇರಿಸಿಕೊಳ್ಳುವ ದಾರಿ ನಮಗೆ ಹೊಸದಲ್ಲ: 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗವಿದೆ. ಇಷ್ಟು ದಾರಿ ಸವೆದಿದ್ದರೂ ಇಂದಿನ ಥೆರಪಿ ಆ್ಯಪ್‌ಗಳು ಮಾರುತ್ತಿರುವುದು ಹೆಚ್ಚಾಗಿ ಒಂಟಿ ಮನುಷ್ಯನಿಗೆ ಒಂಟಿ ಸೆಷನ್.

ನನ್ನ ತೀರ್ಮಾನ ಹೀಗೆ: ಒಬ್ಬರಿಗೊಬ್ಬರ ಮಾತಿನ ಚಿಕಿತ್ಸೆ ಬೇಕು, ವಿಶೇಷವಾಗಿ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಯೂ ಇಲ್ಲದ ಮಕ್ಕಳಿಗೆ. ಆದರೆ ಮನೆಯವರನ್ನು ಪೂರ್ತಿ ಹೊರಗಿಡುವುದೂ, ಅವರ ಕೈಗೆ ಲಗಾಮು ಕೊಡುವುದೂ ಎರಡೂ ತಪ್ಪು. ಸೇರುವ ಮುನ್ನ ಸಮಾಲೋಚಕರಿಗೆ ಮೂರು ಪ್ರಶ್ನೆ ಕೇಳಿ. ನಿಮ್ಮ ತರಬೇತಿ ಏನು? (ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು.) ಗೋಪ್ಯತೆಯ ಮಿತಿ ಯಾವುದು? ಎಷ್ಟು ಭೇಟಿಯ ನಂತರ ಪ್ರಗತಿ ನೋಡುತ್ತೀರಿ? ಉತ್ತರ ಕೊಡಲು ಮುಜುಗರ ಪಡುವವರ ಬಳಿ ಮತ್ತೆ ಹೋಗಬೇಡಿ. ಫೀಸು ಕೈಗೆಟುಕದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದು ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.